ಮುಖದ ಮೇಲೆ ಮೊಹರು

ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕರಡಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಕರಡು ತಿದ್ದಿದ ಹೆಂಗಸು. ಹೊಸ ವರದಿಗಾರರು ಬೆನ್ನ ಹಿಂದೆ ‘ಕರಡಿ’ ಅನ್ನುತ್ತಾರೆಂಬುದೂ ಆಕೆಯ ಕಿವಿಗೆ ಬಿದ್ದಿತ್ತು. “ಕೊಂಬು ತೆಗೆದು ಗುಡಿಸು ಹಾಕಿದ್ದಾರೆ, ಅಷ್ಟೇ ತಾನೆ? ಕೊಂಬೇ ಇಲ್ಲದ ಮೇಲೆ ನಾನು ಹಾಯೋದಾದ್ರೂ ಹೇಗೆ, ಬಿಡಿ” ಎಂದು ನಕ್ಕು ಸುಮ್ಮನಾಗಿದ್ದಳು.

ಕರಡು ತಿದ್ದುವ ಕೆಲಸ ಕಂಪ್ಯೂಟರಿಗೆ ಹೋದ ಮೇಲೆ ಆಕೆಯನ್ನು ‘ಒರೆಗಲ್ಲು’ ವಿಭಾಗಕ್ಕೆ ಹಾಕಿದರು. ಪತ್ರಿಕೆಯ ವೆಬ್‌ಸೈಟಿನಲ್ಲಿ ಒಂದು ಪೆಟ್ಟಿಗೆ. ಫೋನಿಗೆ ಬಂದ ಮೆಸೇಜು, ಫೋಟೊ, ಸುದ್ದಿ ಏನೇ ಇರಲಿ, ಓದುಗರು ಅದನ್ನು ಪೆಟ್ಟಿಗೆಯೊಳಗೆ ಹಾಕಿ ‘ನಿಜವೇ?’ ಎಂದು ಒತ್ತಿದರೆ, ಒರೆಗಲ್ಲು ತಂಡ ಆ ಬಗ್ಗೆ ಮೊದಲೇ ಪರಿಶೀಲಿಸಿ ಬರೆದ ಲೇಖನವಿದ್ದರೆ ಹುಡುಕಿ ಕೊಡುತ್ತದೆ. ನಿಜವಾದರೆ ಹಸಿರು ಮೊಹರು, ಸುಳ್ಳಾದರೆ ಕೆಂಪು. ಕರಡಕ್ಕನಿಗೆ ಕೆಲಸ ಹಿಡಿಸಿತು. ಅಕ್ಷರ ತಿದ್ದುತ್ತಿದ್ದವಳು ಈಗ ಸುದ್ದಿ ತಿದ್ದುತ್ತೇನೆ ಎಂದು ಮನೆಯಲ್ಲಿ ತಂಗಿಯ ಹತ್ತಿರ ಹೆಮ್ಮೆಯಿಂದಲೇ ಹೇಳಿಕೊಂಡಿದ್ದಳು.

ವರ್ಷ ತುಂಬುವ ಹೊತ್ತಿಗೆ ಸಂಪಾದಕರು ಆಕೆಯನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಕಟ್ಟು ಕಾಗದ.

“ಜನ ಬರ್ತಾರೆ, ಏಳೆಂಟು ಸೆಕೆಂಡ್ ಇರ್ತಾರೆ, ಎದ್ದು ಹೋಗ್ತಾರೆ. ನೀವು ಬರೆದದ್ದನ್ನ ಯಾರೂ ಪೂರ್ತಿ ಓದ್ತಿಲ್ಲ ಕರಡಕ್ಕ. ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳ್ಕೊಂಡು ಬನ್ನಿ. ಹತ್ತು ಜನ ಸಾಕು.”

ಕಾಗದದ ತುಂಬ ಓದುಗರು ಪೆಟ್ಟಿಗೆಯಲ್ಲಿ ಕೇಳಿದ ಪ್ರಶ್ನೆಗಳು ಸಾಲುಸಾಲಾಗಿ ಅಚ್ಚಾಗಿದ್ದವು. ಕರಡಕ್ಕ ಹಳೆಯ ಅಭ್ಯಾಸದಂತೆ ಪ್ರತಿ ಸಾಲಿನ ಕೆಳಗೂ ಅಡಿಕೋಲು ಇಟ್ಟು ಓದಿದಳು. ಬಿಸಿನೀರು ಕುಡಿದರೆ ಗಂಟು ಕರಗುತ್ತದಾ? ನಾಳೆಯಿಂದ ಬಸ್ಸಿಲ್ಲವಂತೆ ಹೌದಾ? ಸತ್ತರಂತೆ ಅಂದವರು ಬದುಕಿದ್ದಾರಾ? ನಾಲ್ಕನೇ ಹಾಳೆಯ ಮಧ್ಯದಲ್ಲಿ ಅಡಿಕೋಲು ನಿಂತಿತು. ಒಂದೇ ದಿನ, ಒಂದೇ ಫೋನಿನಿಂದ, ಮಧ್ಯಾಹ್ನ ನಾಲ್ಕು ಹನ್ನೆರಡರಿಂದ ನಾಲ್ಕು ಹದಿನೈದರೊಳಗೆ ಮೂರು ಪ್ರಶ್ನೆ:

ಈ ಬೀಗದವನು ಕಳ್ಳನಾ

ಬೀಗ ರಿಪೇರಿಯವನನ್ನು ನಂಬಬಹುದಾ

ದಯವಿಟ್ಟು ಬೇಗ ಹೇಳಿ ಬಾಗಿಲ ಮುಂದೆ ನಿಂತಿದ್ದೇವೆ

ಮೊದಲ ಎರಡಕ್ಕೂ ಯಂತ್ರ ಒಂದೇ ಲೇಖನ ಕೊಟ್ಟಿತ್ತು. ಮೂರನೆಯದಕ್ಕೆ ‘ಯಾವುದೇ ಫಲಿತಾಂಶ ಸಿಗಲಿಲ್ಲ. ಪದಗಳನ್ನು ಬದಲಿಸಿ ನೋಡಿ’ ಎಂದಿತ್ತು. ನಾಲ್ಕು ದಿನ ಬಿಟ್ಟು ಅದೇ ಫೋನಿನಿಂದ, ‘ಈ ಉತ್ತರದಿಂದ ಉಪಯೋಗವಾಯಿತೇ?’ ಎಂಬಲ್ಲಿ ‘ಇಲ್ಲ’ ಎಂದು ಒತ್ತಿ, ಕೆಳಗೆ ಬರೆದಿದ್ದರು: ‘ಇದನ್ನು ಬರೆದವರು ಯಾರು? ಒಂದು ಸಲ ಮಾತಾಡಬೇಕು.’ ಜೊತೆಗೆ ಫೋನ್ ನಂಬರು. ಬರೆದು ಐದು ವಾರವಾಗಿತ್ತು. ಯಾರೂ ಉತ್ತರ ಕೊಟ್ಟಿರಲಿಲ್ಲ.

ಆ ಲೇಖನ ಬರೆದವಳು ಕರಡಕ್ಕನೇ. ಒಂದು ಬಡಾವಣೆಯಲ್ಲಿ ಮೂರು ಮನೆ ಕಳವಾಗಿ, ಬೀದಿ ಕೊನೆಯ ಬೀಗ ರಿಪೇರಿಯವನ ಫೋಟೊ ಎಲ್ಲರ ಫೋನಿನಲ್ಲೂ ಹರಿದಾಡಿತ್ತು. ‘ಎಚ್ಚರ! ಇವನು ಮಾಡಿಕೊಡುವ ಪ್ರತಿ ಕೀಲಿಗೂ ಒಂದು ನಕಲು ತಾನೇ ಇಟ್ಟುಕೊಳ್ಳುತ್ತಾನೆ.’ ಆಕೆ ಮೂರು ದಿನ ಹಿಡಿದು ವಿಚಾರಿಸಿದ್ದಳು. ಠಾಣೆಗೆ ಹೋಗಿ ಕಳವಿನ ದೂರುಗಳನ್ನು ಓದಿದ್ದಳು. ಕಳ್ಳರು ಮೂರೂ ಕಡೆ ಕಿಟಕಿಯ ಸರಳು ಬಗ್ಗಿಸಿ ಒಳಹೊಕ್ಕಿದ್ದರು, ಕೀಲಿಯ ಮಾತೇ ಇರಲಿಲ್ಲ. ಅಷ್ಟೂ ಸಾವಿರದ ನಾನೂರು ಪದಗಳಲ್ಲಿ, ಒಂದು ಅಕ್ಷರದೋಷವೂ ಇಲ್ಲದೆ ಬರೆದಿದ್ದಳು. ಮೇಲೆ ಆ ಫೋಟೊ, ಫೋಟೊ ಮೇಲೆ ಅಡ್ಡಕ್ಕೆ ‘ಸುಳ್ಳು’ ಎಂಬ ಕೆಂಪು ಮೊಹರು. ಮೊಹರು ಚಿಕ್ಕದಾದರೆ ಯಾರಾದರೂ ಕತ್ತರಿಸಿ ಫೋಟೊ ಮತ್ತೆ ಹಂಚುತ್ತಾರೆ, ದೊಡ್ಡದು ಮಾಡಿ ಎಂದವಳೂ ಆಕೆಯೇ.

ನಂಬರಿಗೆ ಫೋನ್ ಮಾಡಿದಾಗ ಹೆಂಗಸಿನ ದನಿ ಕೇಳಿಸಿತು. ಪತ್ರಿಕೆಯಿಂದ ಎಂದ ಕೂಡಲೇ ಆಕೆ, “ಮನೆಗೇ ಬನ್ನಿ. ಫೋನಲ್ಲಿ ಹೇಳೋ ಮಾತಲ್ಲ” ಎಂದಳು.

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಅನ್ನುತ್ತಿದ್ದರು. ನಲವತ್ತು ದಾಟಿದ್ದಳು. ಹೊಲಿಗೆ ಮಶೀನಿನ ಪಕ್ಕ ಶಾಲೆಯ ಸಮವಸ್ತ್ರಗಳ ರಾಶಿ ಇತ್ತು. ಅಂಗಿಗಳಿಗೆ ತೋಳು, ಕಾಲರು ಎಲ್ಲ ಆಗಿತ್ತು, ಗುಂಡಿ ಮಾತ್ರ ಇರಲಿಲ್ಲ.

“ಕಾಜ ಮಾಡಿ ಗುಂಡಿ ಹಾಕೋದು ಅತ್ತೆ ಕೆಲಸ” ಎಂದಳು, ಕರಡಕ್ಕ ಆ ಕಡೆ ನೋಡಿದ್ದನ್ನು ಕಂಡು. “ನಾನು ಮಶೀನು, ಅವರು ಕೈ. ಹದಿನೆಂಟು ವರ್ಷ ಹಾಗೇ ನಡೀತು. ಅತ್ತೆ ಸೊಸೆ ಒಂದೇ ದಾರದಲ್ಲಿ ಹೊಲ್ಕೊಂಡಿದ್ದಾರೆ ಅಂತ ಬೀದಿಯವರು ಆಡ್ಕೊಳ್ಳೋರು.”

ಒಳಕೋಣೆಯ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಚೌಕಟ್ಟು ಹಳೆಯದು, ಬಾಗಿಲು ಹೊಸದು. ಬಣ್ಣವಿಲ್ಲ. ಬೀಗ ಇರಬೇಕಾದಲ್ಲಿ ಬರೀ ತೂತು.

ಟೈಲರಮ್ಮ ನಡೆದದ್ದನ್ನು ಹೇಳಿದಳು. ಅತ್ತೆ ಮಧ್ಯಾಹ್ನ ಒಂದು ಗಳಿಗೆ ಮಲಗುವವರು. ಮಶೀನಿನ ಸದ್ದು ಆಗದು ಎಂದು ಒಳಗಿನಿಂದ ಕೀಲಿ ತಿರುಗಿಸಿ ಮಲಗುತ್ತಿದ್ದರು. ಅವತ್ತು ನಾಲ್ಕಾದರೂ ಏಳಲಿಲ್ಲ. ಬಾಗಿಲು ಬಡಿದರೆ ಉತ್ತರವಿಲ್ಲ. ಹಿತ್ತಿಲಿಗೆ ಓಡಿ ಕಿಟಕಿಯಲ್ಲಿ ಇಣುಕಿದರೆ, ಮಂಚದ ಆಚೆ ನೆಲದ ಮೇಲೆ ಅತ್ತೆಯ ಎರಡು ಪಾದ ಮಾತ್ರ ಕಂಡವು.

“‘ಅತ್ತೇ’ ಅಂತ ಕೂಗಿದೆ. ಹೆಬ್ಬೆರಳು ಅಲ್ಲಾಡ್ತು. ನನ್ನ ಕಣ್ಣಾರೆ ನೋಡಿದ್ದೀನಿ, ಅಲ್ಲಾಡ್ತು.”

ಗಂಡ ಲಾರಿ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು. ಅಕ್ಕಪಕ್ಕದವರು ಸೇರಿದರು. ಬಾಗಿಲು ಹಳೇ ಕಾಲದ ದಪ್ಪ ಮರ, ಇಬ್ಬರು ಭುಜ ಕೊಟ್ಟರೂ ಜಗ್ಗಲಿಲ್ಲ. ಯಾರೋ ಹೋಗಿ ಹೇಳಿದರೋ, ಗದ್ದಲ ಕೇಳಿಯೋ, ಬೀದಿ ಕೊನೆಯ ಬೀಗದಣ್ಣ ತನ್ನ ಚೀಲ ಹಿಡಿದು ಓಡಿ ಬಂದ. ಬೀಗದ ತೂತಿಗೆ ಕಣ್ಣಿಟ್ಟು ನೋಡಿ, “ಎರಡು ನಿಮಿಷದ ಕೆಲಸ ತಾಯಿ, ಗಾಬರಿ ಬೀಳ್ಬೇಡಿ” ಎಂದ. ಅಷ್ಟರಲ್ಲಿ ಎದುರು ಮನೆಯಾಕೆ ಫೋನು ಎತ್ತಿ ಹಿಡಿದಳು. ‘ಇವನೇ ಅವನು. ಒಳಗೆ ಬಿಟ್ಟೀರಿ, ಮನೆಯೆಲ್ಲ ನೋಡ್ಕೊಂಡು ಹೋಗ್ತಾನೆ.’

“ಅವನು ಏನೂ ಜಗಳ ಆಡ್ಲಿಲ್ಲ. ‘ನೀವೆಲ್ಲ ಇಲ್ಲೇ ನಿಂತಿರಿ, ನಿಮ್ಮ ಕಣ್ಣೆದುರೇ ತೆಗೀತೀನಿ’ ಅಂದ. ಎಲ್ಲರೂ ನನ್ನ ಮುಖ ನೋಡಿದ್ರು. ಮನೆ ನಂದಲ್ವಾ. ನಂಗೆ ಕೈಕಾಲೇ ಆಡ್ಲಿಲ್ಲ. ನಿಮ್ಮ ಒರೆಗಲ್ಲು ನೆನಪಾಯ್ತು. ಸುಮ್ನೆ ಗಾಳಿಮಾತು ಕೇಳ್ಬಾರದು, ಅದರಲ್ಲಿ ನೋಡ್ಬೇಕು ಅಂತ ಮಗಳ ಶಾಲೇಲಿ ಹೇಳಿದ್ರು. ನೋಡ್ದೆ.”

ಆಕೆ ಫೋನು ತೆಗೆದು ಕರಡಕ್ಕನ ಮುಂದೆ ಹಿಡಿದಳು. ಪರದೆಯ ತುಂಬ ಬೀಗದಣ್ಣನ ಮುಖ. ಹಣೆಯಿಂದ ಗದ್ದದವರೆಗೆ ಅಡ್ಡಲಾಗಿ ಕೆಂಪು ಅಕ್ಷರ: ಸುಳ್ಳು.

“ಇದನ್ನ ನೋಡಿದ್ರೆ ನಿಮಗೆ ಏನನ್ಸುತ್ತೆ, ನೀವೇ ಹೇಳಿ. ಇವನು ಸುಳ್ಳ ಅಂತ ತಾನೆ? ಮೋಸಗಾರ ಅಂತ ತಾನೆ? ಕೆಳಗೆ ಇನ್ನೂ ಏನೇನೋ ಬರ್ತಾ ಇತ್ತು, ನೆಟ್ ಸುತ್ತುತ್ತಾನೇ ಇತ್ತು. ಮತ್ತೆ ಕೇಳ್ದೆ, ಅದೇ ಬಂತು. ಬೇಗ ಹೇಳಿ ಅಂತ ಬೇಡ್ಕೊಂಡೆ. ಪದ ಬದಲಿಸಿ ಅಂತು.”

“ಆಮೇಲೆ?”

“ಆಮೇಲೇನು. ‘ನೋಡಿ, ಪೇಪರಿನವರೇ ಹಾಕಿದ್ದಾರೆ’ ಅಂತ ಎದುರು ಮನೆಯವರು ಎಲ್ಲರಿಗೂ ತೋರಿಸಿದ್ರು. ಅವನನ್ನ ಗೇಟಿನ ತನಕ ತಳ್ಕೊಂಡು ಹೋದ್ರು. ನಾನು ಏನೂ ಹೇಳ್ಲಿಲ್ಲ. ಬೇಡ ಅಂತಲೂ ಅನ್ಲಿಲ್ಲ, ಬಾ ಅಂತಲೂ ಅನ್ಲಿಲ್ಲ. ಸುಮ್ನೆ ನಿಂತಿದ್ದೆ.”

ಆಂಬುಲೆನ್ಸ್ ಬಂತು, ಆದರೆ ಬಾಗಿಲು ತೆರೆದಿರಲಿಲ್ಲ. ಬಡಗಿ ಸಿಕ್ಕಿ, ಬಂದು, ಬಾಗಿಲು ಒಡೆಯುವಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು.

“ಆಸ್ಪತ್ರೆ ಬೆಂಚಿನ ಮೇಲೆ ಕೂತು ನಿಮ್ಮ ಲೇಖನ ಪೂರ್ತಿ ಓದ್ದೆ. ಮಾಡೋಕೆ ಬೇರೆ ಏನಿತ್ತು. ಕೊನೇ ಸಾಲಲ್ಲಿತ್ತು, ‘ಆದ್ದರಿಂದ ಈ ಸಂದೇಶ ಸುಳ್ಳು’ ಅಂತ. ಸಂದೇಶ ಸುಳ್ಳು! ಮನುಷ್ಯ ಅಲ್ಲ. ಅದನ್ನ ಯಾಕೆ ಅಷ್ಟು ಕೆಳಗೆ ಬಚ್ಚಿಟ್ಟಿದ್ರಿ?”

ಸಂಪಾದಕರು ಕೊಟ್ಟ ಕಾಗದದ ಕಟ್ಟು ಕರಡಕ್ಕನ ಚೀಲದಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ.

“ಅದನ್ನ ಬರೆದವಳು ನಾನೇ ಅಮ್ಮ” ಎಂದಳು.

ಟೈಲರಮ್ಮ ತಟ್ಟನೆ ತಲೆ ಎತ್ತಿದಳು. ಬೈಯುತ್ತಾಳೆ ಎಂದುಕೊಂಡು ಕರಡಕ್ಕ ಕಾದಳು. ಆಕೆ ಬೈಯಲಿಲ್ಲ. ಮಶೀನಿನ ಚಕ್ರದ ಮೇಲೆ ಕೈ ಇಟ್ಟಳು.

“ನಿಮ್ಮ ಹೆಸರು ಅದರಲ್ಲಿ ಇರ್ಲಿಲ್ಲ. ‘ಒರೆಗಲ್ಲು ತಂಡ’ ಅಂತಿತ್ತು. ಒಂದು ಹೆಸರು, ಒಂದು ನಂಬರು ಇದ್ದಿದ್ರೆ ಅವತ್ತೇ ಫೋನ್ ಮಾಡ್ತಿದ್ದೆ. ನೀವು ಎತ್ತಿ ‘ಅವನ ಮೇಲೆ ಒಂದು ದೂರೂ ಇಲ್ಲ, ನಾನೇ ಠಾಣೆಗೆ ಹೋಗಿ ನೋಡಿದ್ದೀನಿ’ ಅಂದಿದ್ರೆ ಸಾಕಿತ್ತು. ಅಷ್ಟು ಹೇಳೋಕೆ ಎಷ್ಟು ಸಾಲು ಬೇಕು?”

“ಒಂದು” ಎಂದಳು ಕರಡಕ್ಕ.

ಹೊರಡುವಾಗ ಟೈಲರಮ್ಮ ಬಾಗಿಲ ತನಕ ಬಂದಳು. “ಬೀಗದಣ್ಣನ ಅಂಗಡಿ ಮುಂದೆ ಹೋಗೋದನ್ನೇ ಬಿಟ್ಟಿದ್ದೀನಿ. ಸುತ್ತು ಬಳಸಿ ಹೋಗ್ತೀನಿ. ಅವರನ್ನ ನೋಡೋಕೆ ನಂಗೆ ಮುಖ ಇಲ್ಲ. ನೀವಾದ್ರೂ ಹೋಗಿ ಬನ್ನಿ.”

ಬೀಗದಣ್ಣನ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಕೂರಿಸಿದ ಮರದ ಗೂಡು, ಒಬ್ಬರು ಕಾಲು ಮಡಚಿ ಕೂರುವಷ್ಟೇ ಜಾಗ. ಕೀಲಿ ಕೊರೆಯುವ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಅವನು ತೊಡೆಯ ಮೇಲೆ ಮುರಿದ ಕೊಡೆಯೊಂದನ್ನು ಇಟ್ಟುಕೊಂಡು ಕಡ್ಡಿ ಸರಿಮಾಡುತ್ತಿದ್ದ. ಐವತ್ತೈದರ ಆಸುಪಾಸು. ಫೋಟೊದಲ್ಲಿ ಇದ್ದುದಕ್ಕಿಂತ ಸೊರಗಿದ್ದ. ಮೂರು ದಿನ ಅವನ ವಿಷಯ ವಿಚಾರಿಸಿದ್ದ ಕರಡಕ್ಕ ಅವನನ್ನು ನೋಡುತ್ತಿದ್ದದ್ದು ಅದೇ ಮೊದಲು. ಲೇಖನಕ್ಕೆ ಬೇಕಾದ ಎರಡು ಮಾತನ್ನು ಫೋನಿನಲ್ಲೇ ಕೇಳಿ ಮುಗಿಸಿದ್ದಳು.

ತಾನು ಯಾರೆಂದು ಹೇಳಿದಳು. ಅವನು ಕೂರಲು ಒಂದು ಡಬ್ಬ ಮುಂದಕ್ಕೆ ತಳ್ಳಿದ.

“ಚೆನ್ನಾಗಿ ಬರ್ದಿದ್ರಿ ಮೇಡಮ್. ನನ್ನ ಹೆಂಡತಿ ಓದಿ ಹೇಳಿದ್ಲು. ಓದಿ ಮುಗಿಸೋಷ್ಟರಲ್ಲಿ ಒಲೆ ಮೇಲಿದ್ದ ಟೀ ಬತ್ತಿಹೋಗಿತ್ತು.”

“ಅದರಿಂದ ನಿಮಗೆ ಏನಾದ್ರೂ...”

“ಆಯ್ತಲ್ಲ. ಮೊದ್ಲು ಈ ಬೀದಿಯವರಿಗೆ ಮಾತ್ರ ನನ್ನ ಮುಖ ಗೊತ್ತಿತ್ತು. ನಿಮ್ಮದು ಬಂದ ಮೇಲೆ ಊರಿಗೆಲ್ಲ ಗೊತ್ತಾಯ್ತು.” ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. “ಮೊಹರು ಇರೋಷ್ಟು ಭಾಗ ಮಾತ್ರ ಕತ್ತರಿಸಿ ಹಂಚಿದ್ರು. ಇಪ್ಪತ್ತೆಂಟು ವರ್ಷ ಯಾರ ಮನೆ ಬಾಗಿಲಾದ್ರೂ ನನ್ನ ಕೈಗೆ ತೆರ್ಕೊಳ್ತಿತ್ತು. ಈಗ ಕೊಡೆ ಮಾತ್ರ ತೆರ್ಕೊಳ್ಳುತ್ತೆ. ಅದೂ ಅರ್ಧಂಬರ್ಧ.”

ಕೊಡೆಯನ್ನು ಬಿಡಿಸಿ ತೋರಿಸಿದ. ಒಂದು ಕಡ್ಡಿ ನಿಜಕ್ಕೂ ಜೋತಾಡುತ್ತಿತ್ತು. ಕರಡಕ್ಕನಿಗೆ ನಗಲು ಆಗಲಿಲ್ಲ.

“ಟೈಲರಮ್ಮನ ಮನೆ ವಿಷಯ ಗೊತ್ತಾಯ್ತು” ಎಂದಳು.

ಅವನು ಕೊಡೆ ಮಡಚಿ ಕೆಳಗಿಟ್ಟ. “ಅದು ಹಳೇ ಬೀಗ. ನನ್ನ ಹತ್ರ ಅದಕ್ಕೆ ತಕ್ಕ ಕೊಕ್ಕೆ ಇತ್ತು, ಕೈಯಲ್ಲೇ ಹಿಡ್ಕೊಂಡಿದ್ದೆ. ಹೊರಗೆ ತಳ್ಳಿದ ಮೇಲೂ ನಾನು ಹೋಗ್ಲಿಲ್ಲ ಮೇಡಮ್. ಗೇಟಿನ ಹತ್ರಾನೇ ನಿಂತಿದ್ದೆ, ಕರೀತಾರೇನೋ ಅಂತ. ಬಡಗಿ ಬಂದು ಕೊಡಲಿ ಹಾಕೋ ತನಕ ನಿಂತಿದ್ದೆ.”

ರಸ್ತೆಯಲ್ಲಿ ಒಂದು ಬಸ್ಸು ಹಾದು ಹೋಯಿತು. ಗೂಡಿನ ಹಲಗೆಗಳು ಅದುರಿದವು.

“ನಾವು ಏನು ಮಾಡಬೇಕಿತ್ತು ಅಂತೀರಿ?” ಎಂದು ಕರಡಕ್ಕ ಕೇಳಿದಳು.

“ನಂಗೆ ಓದು ಬರಹ ಅಷ್ಟಕ್ಕಷ್ಟೆ. ಒಂದೇ ಒಂದು ಕೇಳ್ತೀನಿ. ಆ ಮೆಸೇಜು ಸುಳ್ಳು ಅಂತ ಹೇಳೋಕೆ ನನ್ನ ಮುಖ ಯಾಕೆ ಬೇಕಿತ್ತು? ಮೆಸೇಜು ಬರೆದವನ ಮುಖ ಹಾಕಬಹುದಿತ್ತಲ್ಲ. ಅವನು ಯಾರು ಅಂತ ನಿಮಗೂ ಗೊತ್ತಿಲ್ಲ. ಗೊತ್ತಿರೋನು ನಾನೊಬ್ಬ, ನನ್ನ ಮೇಲೆ ಮೊಹರು ಹೊಡೆದ್ರಿ.”

ಮರುದಿನ ಕರಡಕ್ಕ ಸಂಪಾದಕರ ಕೋಣೆಯಲ್ಲಿ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆಯನ್ನು ಮಾಡಿದ ಇಂಜಿನಿಯರ್ ಹೆಣ್ಣುಮಗಳೂ ಅಲ್ಲಿದ್ದಳು. ಸಂಪಾದಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ, ಅವರಿಗೆ ನೋವಾಗಿತ್ತು. ಆದರೂ ಅವರು, “ಆಗಬಾರದ್ದು ಆಯ್ತು. ಆದ್ರೆ ಒಬ್ಬರು ಗಾಬರೀಲಿ ತಪ್ಪು ಓದಿದ್ರು ಅಂತ ಇಡೀ ಪದ್ಧತಿ ಬದಲಾಯಿಸೋಕಾಗುತ್ತಾ? ಆ ಮೊಹರೇ ನಮ್ಮ ಗುರುತು” ಎಂದರು.

“ಗಾಬರೀಲಿ ಇರೋರೇ ಸರ್ ನಮ್ಮ ಹತ್ರ ಬರೋದು” ಎಂದಳು ಕರಡಕ್ಕ. “ನೆಮ್ಮದಿಯಾಗಿರೋರು ಯಾಕೆ ಬರ್ತಾರೆ?”

“ಪರೀಕ್ಷೆ ಮಾಡಿ ನೋಡೋಣ ಸರ್. ಆ ಪುಟ ಐದು ಸೆಕೆಂಡು ತೋರಿಸಿ, ಏನು ಅರ್ಥ ಆಯ್ತು ಅಂತ ಕೇಳೋಣ” ಎಂದಳು ಇಂಜಿನಿಯರ್.

ಕಾವಲುಗಾರ, ಚಾಲಕ, ಜಾಹೀರಾತು ವಿಭಾಗದವರು, ಹೀಗೆ ಕಟ್ಟಡದಲ್ಲಿದ್ದ ಒಂಬತ್ತು ಜನರಿಗೆ ತೋರಿಸಿದರು. ಮೂವರು ಸರಿಯಾಗಿ ಹೇಳಿದರು. ಆರು ಜನ ಆ ಮನುಷ್ಯನನ್ನೇ ಮೋಸಗಾರ ಎಂದರು. ಕ್ಯಾಂಟೀನಿನ ಹೆಂಗಸು ಲೋಟ ತೊಳೆಯುತ್ತಿದ್ದವಳು ಬಗ್ಗಿ ನೋಡಿ, “ಅಯ್ಯೋ, ನೋಡೋಕೆ ಸಾಧು ಥರ ಇದ್ದಾನಲ್ಲ, ಏನು ಕದ್ದನಂತೆ?” ಎಂದು ಕೇಳಿದಳು. ಸಂಪಾದಕರು ಆಕೆಯ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಅವರು ಮೊಹರಿನ ಮಾತೆತ್ತಲಿಲ್ಲ.

ಆ ವಾರವೇ ಪುಟ ಬದಲಾಯಿತು. ಆರೋಪಕ್ಕೆ ಗುರಿಯಾದವರ ಮುಖಗಳನ್ನೆಲ್ಲ ತೆಗೆದರು. ಮೊಹರು ಹೋಯಿತು. ಅದರ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಪೂರ್ತಿ ವಾಕ್ಯ, ಯಾರು ಏನು ಮಾಡಿದರು, ಏನು ಮಾಡಲಿಲ್ಲ ಎಂದು. ಬೀಗದಣ್ಣನ ಪುಟದಲ್ಲಿ ಕರಡಕ್ಕ ಬರೆದಳು: ‘ಈ ಬೀಗ ರಿಪೇರಿಯವರ ಮೇಲೆ ಯಾವ ದೂರೂ ಇಲ್ಲ, ಮೂರೂ ಕಳವು ಕಿಟಕಿಯಿಂದ ಆದವು ಎಂದು ಠಾಣೆಯ ದಾಖಲೆಯಲ್ಲಿದೆ.’ ಕೆಳಗೆ ತಾರೀಕು, ನೋಡಿದವರ ಹೆಸರು, ಫೋನ್ ನಂಬರು. ಇನ್ನೂ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದಕ್ಕೂ ಒಂದು ಸಾಲು. ಲೇಖನ ಅದರ ಕೆಳಗೆ, ಬೇಕಾದವರಿಗೆ.

ಜಗಳವಾದದ್ದು ತಪ್ಪೊಪ್ಪಿಗೆಯ ವಿಷಯಕ್ಕೆ. ಮುಖದ ಮೇಲೆ ಮೊಹರು ಹಾಕಿದ್ದು ನಮ್ಮ ತಪ್ಪು, ಅದರಿಂದ ನಿರಪರಾಧಿಯೊಬ್ಬರಿಗೆ ಕೆಟ್ಟ ಹೆಸರು ಬಂತು, ಒಂದು ಮನೆಗೆ ಸಹಾಯ ತಡವಾಯಿತು ಎಂದು ಕರಡಕ್ಕ ಬರೆದುಕೊಟ್ಟಿದ್ದಳು. ಕೊನೆಯ ಮಾತು ಹಾಕಿದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ ಎಂದು ಸಂಪಾದಕರು ಹೆದರಿದರು.

“ಊರಿನವರ ತಪ್ಪು ತಿದ್ದೋ ಅಂಗಡಿ ಇಟ್ಕೊಂಡಿದ್ದೀವಿ ಸರ್. ನಮ್ಮ ಬೆನ್ನು ನಮಗೆ ಕಾಣಲ್ಲ ಅಂದ್ರೆ ಯಾರು ನಂಬ್ತಾರೆ?”

ಅವರು ಬಹಳ ಹೊತ್ತು ಯೋಚಿಸಿ ಮೊದಲ ಎರಡು ಮಾತು ಉಳಿಸಿದರು, ಮೂರನೆಯದನ್ನು ಹೊಡೆದು ಹಾಕಿದರು. ಕರಡಕ್ಕ ಮತ್ತೆ ಎರಡು ದಿನ ಹೋರಾಡಿದಳು. ಗೆಲ್ಲಲಿಲ್ಲ. ಇದ್ದಷ್ಟನ್ನು ತನ್ನ ಹೆಸರು ಹಾಕಿ ಪ್ರಕಟಿಸಿದಳು, ಮುದ್ರಿತ ಪತ್ರಿಕೆಯಲ್ಲೂ ಬರುವಂತೆ ನೋಡಿಕೊಂಡಳು. ಮಾರನೆಯ ದಿನದಿಂದ ಫೋನು ಬರಲು ಶುರುವಾಯಿತು. ಕೆಲವರು ಬೈದರು, ಕಳ್ಳನ ವಕಾಲತ್ತಿಗೆ ಎಷ್ಟು ತಿಂದಿರಿ ಎಂದರು. ಮುದುಕರೊಬ್ಬರು ದಿನಾ ಫೋನ್ ಮಾಡಿ ಮೊಮ್ಮಗ ಕಳಿಸಿದ ಮೆಸೇಜನ್ನೆಲ್ಲ ಓದಿ ಹೇಳತೊಡಗಿದರು. ಆಕೆ ಎಲ್ಲವನ್ನೂ ಎತ್ತಿದಳು.

ಹತ್ತು ದಿನ ಕಳೆದ ಮೇಲೆ ಟೈಲರಮ್ಮ ಫೋನ್ ಮಾಡಿದಳು. “ಪೇಪರ್ ಕತ್ತರಿಸಿ ಎದುರು ಮನೆಯವರಿಗೆ ಕೊಟ್ಟೆ. ತಗೊಂಡ್ರು, ಏನೂ ಅನ್ಲಿಲ್ಲ. ಇವತ್ತು ಬೀಗದಣ್ಣನ ಹತ್ರ ಹೋಗ್ತಿದ್ದೀನಿ. ಒಬ್ಬಳೇ ಹೋಗೋಕೆ ಕಾಲು ಬರ್ತಿಲ್ಲ.”

ಕರಡಕ್ಕ ಹೋದಳು. ಗೂಡಿನ ಮುಂದೆ ನಿಂತಾಗ ಟೈಲರಮ್ಮನ ಬಾಯಿಂದ ಹೊರಟದ್ದು ಇಷ್ಟೆ: “ಅಣ್ಣ, ನಮ್ಮನೆ ಬಾಗಿಲಿಗೆ ಬೀಗ ಹಾಕ್ಬೇಕಿತ್ತು.” ಬೀಗದಣ್ಣ ಆಕೆಯನ್ನೂ, ಹಿಂದೆ ನಿಂತ ಕರಡಕ್ಕನನ್ನೂ ನೋಡಿದ. ಕೊಡೆಗಳನ್ನು ಬದಿಗೆ ಸರಿಸಿ, ಚೀಲ ಹೆಗಲಿಗೆ ಹಾಕಿ, ಜೊತೆಗೆ ನಡೆದ. ಬೀದಿಯ ಒಂದೆರಡು ಕಿಟಕಿಗಳಲ್ಲಿ ತಲೆಗಳು ಕಂಡವು. ಎದುರು ಮನೆಯ ಬಾಗಿಲು ಮುಚ್ಚಿತ್ತು.

ಅವನು ಒಳಕೋಣೆಯ ಬಾಗಿಲ ಮುಂದೆ ಮಂಡಿಯೂರಿ ತೂತಿನ ಅಂಚನ್ನು ಉಳಿಯಿಂದ ನಯ ಮಾಡಿದ. ಮರದ ಪುಡಿ ಊದಿದ. ಟೈಲರಮ್ಮ ಕೊನೆಗೆ ಕೇಳಿದ್ದು ಅವನನ್ನಲ್ಲ, ಕರಡಕ್ಕನನ್ನು.

“ನೀವು ಎಲ್ಲ ವಿಚಾರಿಸಿ ನೋಡೋರು. ಅವತ್ತೇ ಇವರ ಕೈಲಿ ಬಾಗಿಲು ತೆಗೆಸಿದ್ದಿದ್ರೆ ಅತ್ತೆ ಉಳೀತಿದ್ರಾ?”

ಕರಡಕ್ಕ ಆ ಪ್ರಶ್ನೆಯನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಪರಿಚಯದ ವೈದ್ಯರೊಬ್ಬರನ್ನೂ ಕೇಳಿದ್ದಳು. ‘ಇಲ್ಲ’ ಎಂದುಬಿಟ್ಟರೆ ಟೈಲರಮ್ಮನ ಎದೆ ಹಗುರಾಗುತ್ತದೆ ಎಂದು ಗೊತ್ತಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ.

“ಗೊತ್ತಿಲ್ಲಮ್ಮ” ಎಂದಳು. “ಡಾಕ್ಟರನ್ನ ಕೇಳ್ದೆ. ಉಳಿದ್ರೂ ಉಳೀಬಹುದಿತ್ತು, ಇಲ್ಲದೆಯೂ ಇರಬಹುದಿತ್ತು ಅಂದ್ರು. ಅದನ್ನ ಯಾರೂ ಹೇಳೋಕಾಗಲ್ಲ. ನಾನು ಸುಳ್ಳು ಹೇಳಲ್ಲ.”

ಟೈಲರಮ್ಮ ತಲೆಯಾಡಿಸಿದಳು. ಬೀಗದಣ್ಣ ಉಳಿ ಕೆಳಗಿಟ್ಟ. ತಿರುಗಿ ನೋಡದೆಯೇ ಮಾತಾಡಿದ.

“ನಿಮ್ಮ ಅತ್ತೆ ನನ್ನ ಅಂಗಡಿ ಮುಂದೆ ಹೋಗುವಾಗೆಲ್ಲ ನಿಂತು ಮಾತಾಡಿಸೋರು. ಆ ಮೆಸೇಜು ಬಂದ ಮೇಲೂ ನಿಂತ್ರು. ‘ನನ್ನ ಸೊಸೆಗೆ ಈ ಕತ್ತರಿ ಚೆನ್ನಾಗಿ ಸಾಣೆ ಹಿಡಿದು ಕೊಡಪ್ಪ’ ಅಂತ ತಂದುಕೊಟ್ಟಿದ್ರು. ಅದು ನನ್ನ ಹತ್ರಾನೇ ಉಳ್ಕೊಂಡಿದೆ. ಹೇಗೆ ತಂದುಕೊಡೋದು ಅಂತ ಗೊತ್ತಾಗ್ಲಿಲ್ಲ.”

ಚೀಲದ ತಳದಿಂದ ಬಟ್ಟೆಯಲ್ಲಿ ಸುತ್ತಿದ ಕತ್ತರಿ ತೆಗೆದು ಕೊಟ್ಟ. ಟೈಲರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕುಸಿದು ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. “ಅಣ್ಣ, ನಾನು ಅವತ್ತು ಒಂದು ಮಾತು ಹೇಳ್ಬೇಕಿತ್ತು” ಎನ್ನುವಷ್ಟು ಮಾತ್ರ ಕೇಳಿಸಿತು.

“ಹೇಳ್ಬೇಕಿತ್ತು” ಎಂದ ಬೀಗದಣ್ಣ ಮೆಲ್ಲಗೆ. ಇಲ್ಲವೆನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಆಕೆ ಅತ್ತು ಮುಗಿಯುವ ತನಕ ಕಾದು, ಆಮೇಲೆ ತಿರುಪು ಬಿಗಿಯತೊಡಗಿದ.

ಆ ಬೀದಿಯಲ್ಲಿ ಎಲ್ಲವೂ ಮೊದಲಿನಂತಾಗಲಿಲ್ಲ. ಮುಂದಿನ ತಿಂಗಳು ಒಬ್ಬರೋ ಇಬ್ಬರೋ ಕೀಲಿ ಹಿಡಿದು ಅವನ ಗೂಡಿಗೆ ಬಂದರು, ಉಳಿದವರು ದೂರದ ಅಂಗಡಿಗೇ ಹೋಗುತ್ತಿದ್ದರು. ಅವನು ಕೊಡೆ ರಿಪೇರಿ ಬಿಡಲಿಲ್ಲ. ಟೈಲರಮ್ಮ ಗುಂಡಿ ಹಾಕುವುದನ್ನು ತಾನೇ ಕಲಿಯುತ್ತಿದ್ದಳು, ಸಮವಸ್ತ್ರಗಳು ತಡವಾಗುತ್ತಿದ್ದವು. ಪೇಟೆಗೆ ಹೋಗಿಬರುವಾಗ ಈಗ ಆಕೆ ಸುತ್ತು ಬಳಸದೆ ಬೀದಿ ಕೊನೆಯ ಗೂಡಿನ ಮುಂದೆಯೇ ಹೋಗುತ್ತಿದ್ದಳು.